ದಿಂಬು ತಿರುಗಿಸಿದ ಸಂಜೆ

ಸೇನಾ ತರಬೇತಿಯ ಆರನೇ ವಾರ. ನಮ್ಮ ಬ್ಯಾರಕ್‌ನಲ್ಲಿ 60 ಮಂಚ. ಮಲಗಿದಲ್ಲೇ ಕೈಚಾಚಿದರೆ ಪಕ್ಕದವನ ಕಂಬಳಿ ಸಿಗುತ್ತಿತ್ತು. ಚಳಿಗೆ ಕಿಟಕಿಗಳನ್ನೆಲ್ಲ ಮುಚ್ಚಿ ಸಂದಿಗೆ ಹಳೇ ಪೇಪರ್ ತುರುಕಿದ್ದೆವು. ಮೊದಲು ಬಾಗಿಲ ಬಳಿಯವನು ಕೆಮ್ಮಿದ. ವಾರ ತುಂಬುವುದರೊಳಗೆ ಆ ಕೆಮ್ಮು ನನ್ನ ಸಾಲಿಗೂ ಬಂತು, ನನಗೂ ಜ್ವರ ಏರಿತು.

ಯಾರಿಗೂ ಹೇಳಲಿಲ್ಲ. ಸಿಕ್ ರಿಪೋರ್ಟ್ ಮಾಡಿದರೆ ಪರೇಡ್ ತಪ್ಪುತ್ತದೆ, ತುಂಬಾ ದಿನ ತಪ್ಪಿದರೆ ಬ್ಯಾಚೇ ತಪ್ಪುತ್ತದೆ. ಜ್ವರಕ್ಕಿಂತ ಆ ಭಯ ದೊಡ್ಡದು. ಬೆಳಗಿನ ಓಟದಲ್ಲಿ ಎಲ್ಲರೂ ಬೆವರುತ್ತಿದ್ದರಿಂದ ನನ್ನ ಬೆವರನ್ನು ಯಾರೂ ಗಮನಿಸಲಿಲ್ಲ. ರಾತ್ರಿ ಕೆಮ್ಮು ಒತ್ತರಿಸಿದಾಗ ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದೆ. ಪಕ್ಕದ ಮಂಚದ ಹುಡುಗ ಎದ್ದು ತನ್ನ ಬಾಟಲಿ ಕೊಟ್ಟು, "ಕುಡಿಯಣ್ಣ" ಅಂದ. ಕುಡಿದೆ. ಉಳಿದದ್ದನ್ನು ಅವನು ಕುಡಿದ.

ಐದಾರು ದಿನಕ್ಕೆ ಅವನು ಓಟದ ನಡುವೆ ಕುಸಿದುಬಿದ್ದ. ನ್ಯುಮೋನಿಯಾ.

ಅವತ್ತು ಸಂಜೆ ವೈದ್ಯಾಧಿಕಾರಿ ಬ್ಯಾರಕ್‌ಗೇ ಬಂದರು. ಬೈಯಲಿಲ್ಲ. ಮಂಚಗಳ ನಡುವಿನ ಜಾಗವನ್ನು ಗೇಣಿನಲ್ಲಿ ಅಳೆದು ನೋಡಿದರು. ಸಂದಿಯ ಕಾಗದವನ್ನು ತಾವೇ ಕಿತ್ತು ಕಿಟಕಿ ತೆರೆದರು. "ಒಂದು ಬಿಟ್ಟು ಒಂದು ಮಂಚದಲ್ಲಿ ದಿಂಬು ಕಾಲ ಕಡೆಗೆ ಹಾಕಿ. ಒಬ್ಬನ ಮುಖದ ಪಕ್ಕ ಇನ್ನೊಬ್ಬನ ಪಾದ ಬರಲಿ. ಜ್ವರ ಇರುವವರು ಈಗಲೇ ಹೇಳಿ, ಬ್ಯಾಚ್ ತಪ್ಪದ ಹಾಗೆ ನಾನು ನೋಡಿಕೊಳ್ಳುತ್ತೇನೆ" ಅಂದರು. 17 ಕೈಗಳು ಮೇಲೆದ್ದವು. ಒಂದು ನನ್ನದು.

ಗಂಟಲ ಪರೀಕ್ಷೆಯಲ್ಲಿ ಅಡೆನೊವೈರಸ್ ಎಂದು ಬಂತು. ಆಮೇಲೆ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅದರ 4 ಮತ್ತು 7ನೇ ಬಗೆಗಳು ಹೊಸದಾಗಿ ಸೇನೆಗೆ ಸೇರಿದವರನ್ನು ಕಾಡುವುದರಲ್ಲಿ ಕುಖ್ಯಾತ. ಮೇಲೆ ಕೊಬ್ಬಿನ ಪೊರೆ ಇಲ್ಲದ ಈ ವೈರಸ್ ಸ್ಯಾನಿಟೈಸರ್‌ಗೂ ಸುಲಭಕ್ಕೆ ಸಾಯುವುದಿಲ್ಲ, ಬಾಗಿಲ ಹಿಡಿಯ ಮೇಲೆ ದಿನಗಟ್ಟಲೆ ಉಳಿಯಬಲ್ಲದು. ಅಮೆರಿಕದ ಸೇನೆ 1971ರಿಂದ ಇದಕ್ಕೆ ನುಂಗುವ ಲಸಿಕೆ ಕೊಡುತ್ತಿತ್ತು. ತಯಾರಿಕೆ ನಿಂತು 1999ಕ್ಕೆ ದಾಸ್ತಾನು ಮುಗಿದದ್ದೇ ತಡ, ಶಿಬಿರಗಳಲ್ಲಿ ಕಾಯಿಲೆ ಮತ್ತೆ ಹಬ್ಬಿತು. 2011ರಲ್ಲಿ ಲಸಿಕೆ ಮರಳಿದ ಮೇಲಷ್ಟೇ ಇಳಿಯಿತು. ತಡೆಯುವ ದಾರಿ ಗೊತ್ತಿದ್ದೂ ಆ ವರ್ಷಗಳಲ್ಲಿ ನರಳಿದ ಹುಡುಗರನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮೂರು ವಾರದ ಮೇಲೆ ಪಕ್ಕದ ಮಂಚದ ಹುಡುಗ ವಾಪಸ್ ಬಂದ. ಬೆಲ್ಟಿಗೆ ಹೊಸದಾಗಿ ಎರಡು ತೂತು ಹೊಡೆಸಿದ್ದ. ಆ ರಾತ್ರಿ ನಾನು ನೀರು ಕುಡಿಯುವಾಗಲೇ ನನಗೆ ಜ್ವರವಿತ್ತು ಎಂದು ಅವನಿಗೆ ಹೇಳಿಬಿಟ್ಟೆ.

"ಗೊತ್ತಿತ್ತಣ್ಣ, ನಿನ್ನ ಮಂಚ ರಾತ್ರಿಯೆಲ್ಲ ನಡುಗುತ್ತಿತ್ತಲ್ಲ" ಅಂದು, ದಿಂಬನ್ನು ಎತ್ತಿ ಕಾಲ ಕಡೆಗೆ ಹಾಕಿಕೊಂಡ.