ಚೀನಾದ ಕಥೆಗಳನ್ನು ಮೆಚ್ಚಿದರೆ ಚೀನಾದ ಬಲೆಗೆ ಬಿದ್ದಂತೆಯೇ?

ಚೀನಾದ ಧಾರಾವಾಹಿಗಳ ಬಗ್ಗೆ ಬರೆಯತೊಡಗಿದ ದಿನದಿಂದ ನನ್ನನ್ನು ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಸ್ನೇಹಿತರು ಸೌಜನ್ಯದಿಂದ ಕೇಳುತ್ತಾರೆ, ಬಂಧುಗಳು ತುಸು ಖಾರವಾಗಿಯೇ ಕೇಳುತ್ತಾರೆ: ಗಾಲ್ವಾನ್‌ನಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟ ಮೇಲೂ ಆ ದೇಶದ ಮನರಂಜನೆಯನ್ನು ಹೀಗೆ ಮೆಚ್ಚಿಕೊಳ್ಳಬಹುದೇ, ಇದೆಲ್ಲ ಅಲ್ಲಿನ ಸರ್ಕಾರ ಬೀಸಿದ ಬಲೆಯಲ್ಲವೇ? ಈ ಪ್ರಶ್ನೆಯ ಹಿಂದಿರುವ ನೋವು ನನ್ನದೂ ಹೌದಾದ್ದರಿಂದ ಇದನ್ನು ತಳ್ಳಿಹಾಕುವ ಮನಸ್ಸು ನನಗಿಲ್ಲ. ಬಲೆ ಬೀಸುವ ಆಸೆ ಆ ಸರ್ಕಾರಕ್ಕೆ ಖಂಡಿತ ಇದೆ. ಆದರೆ ಗಡಿ ದಾಟಿ ಜಗತ್ತಿನ ಮನಸ್ಸನ್ನು ಮುಟ್ಟಿದ ಚೀನೀ ಕಥೆಗಳಲ್ಲಿ ಹೆಚ್ಚಿನವು ಸರ್ಕಾರ ಹೆಣೆದವಲ್ಲ, ಕೆಲವಕ್ಕಂತೂ ಆ ಸರ್ಕಾರವೇ ಕತ್ತರಿ ಹಿಡಿದಿತ್ತು.

'ಸಾಫ್ಟ್ ಪವರ್' ಎಂಬ ಮಾತನ್ನು 1990ರಲ್ಲಿ ಚಾಲ್ತಿಗೆ ತಂದವರು ಅಮೆರಿಕದ ರಾಜಕೀಯ ಶಾಸ್ತ್ರಜ್ಞ ಜೋಸೆಫ್ ನೈ. ಹೆದರಿಸದೆ, ಹಣ ಕೊಡದೆ, ಬರೀ ಆಕರ್ಷಣೆಯಿಂದ ಇತರರನ್ನು ತನ್ನತ್ತ ಒಲಿಸಿಕೊಳ್ಳುವ ಶಕ್ತಿಗೆ ಅವರು ಕೊಟ್ಟ ಹೆಸರು ಅದು. ಚೀನಾ ಈ ಮಾತನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿತು. 2004ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಿಂದ ಆರಂಭಿಸಿ ಜಗತ್ತಿನ ತುಂಬ ಚೀನೀ ಭಾಷೆ, ಸಂಸ್ಕೃತಿ ಕಲಿಸುವ ಕನ್‌ಫ್ಯೂಷಿಯಸ್ ಸಂಸ್ಥೆಗಳನ್ನು ತೆರೆಯಿತು. 2007ರ ಕಮ್ಯುನಿಸ್ಟ್ ಪಕ್ಷದ ಮಹಾಧಿವೇಶನದಲ್ಲಿ ಅಂದಿನ ಅಧ್ಯಕ್ಷ ಹು ಜಿಂಟಾವೊ ಸಂಸ್ಕೃತಿಯ ಸಾಫ್ಟ್ ಪವರ್ ಬೆಳೆಸುವುದು ದೇಶದ ಗುರಿ ಎಂದು ಸಾರಿದರು. ಆದರೆ ಇಂಥ ಶಕ್ತಿ ಹುಟ್ಟುವುದು ಮುಖ್ಯವಾಗಿ ವ್ಯಕ್ತಿಗಳಿಂದ, ಖಾಸಗಿ ಉದ್ಯಮದಿಂದ, ಸ್ವತಂತ್ರ ಸಮಾಜದಿಂದ. ಸರ್ಕಾರವೇ ಅದರ ಕಾರ್ಖಾನೆ ಎಂದುಕೊಂಡದ್ದು ಚೀನಾದ ತಪ್ಪು ಎಂದು ನೈ ಅವರೇ ಮುಂದೆ ಬರೆದರು. ಆ ಮಾತು ನಿಜವೆಂದು ನನಗೆ ಮನವರಿಕೆಯಾದದ್ದು ಒಂದು ಧಾರಾವಾಹಿಯ ಕಥೆಯಿಂದ.

2018ರಲ್ಲಿ ಐಚಿಯಿ ಎಂಬ ಚೀನೀ ಜಾಲತಾಣದಲ್ಲಿ 'ಯಾನ್‌ಷಿ ಅರಮನೆಯ ಕಥೆ' 70 ಕಂತುಗಳಲ್ಲಿ ಪ್ರಸಾರವಾಯಿತು. 18ನೇ ಶತಮಾನದ ಚಿಯಾನ್‌ಲಾಂಗ್ ಚಕ್ರವರ್ತಿಯ ಕಾಲ. ಅಕ್ಕನ ಸಾವಿನ ಗುಟ್ಟು ತಿಳಿಯಲೆಂದು ಕಸೂತಿ ಕೆಲಸದವಳಾಗಿ ಅರಮನೆ ಸೇರುವ ವೇಯ್ ಯಿಂಗ್‌ಲುವೊ ಎಂಬ ಹುಡುಗಿ ಅದರ ನಾಯಕಿ. ನಮ್ಮ ಅತ್ತೆ-ಸೊಸೆ ಧಾರಾವಾಹಿಗಳಲ್ಲಿ ನೂರಾರು ಕಂತು ಕಣ್ಣೀರು ಹಾಕುವ ನಾಯಕಿಯರನ್ನು ಕಂಡು ದಣಿದಿದ್ದ ನನಗೆ, ಕೆನ್ನೆಗೆ ಬಿದ್ದ ಏಟಿಗೆ ಅದೇ ಕಂತಿನಲ್ಲಿ ಉತ್ತರ ಕೊಡುವ, ಬುದ್ಧಿಯೊಂದನ್ನೇ ಆಯುಧವಾಗಿ ಇಟ್ಟುಕೊಂಡ ಈ ಹುಡುಗಿ ದೊಡ್ಡ ಸಮಾಧಾನ ಕೊಟ್ಟಳು. ಅವಳನ್ನು ಮೆಚ್ಚಿದವಳು ನಾನೊಬ್ಬಳೇ ಆಗಿರಲಿಲ್ಲ. ಆ ವರ್ಷ ಗೂಗಲ್‌ನಲ್ಲಿ ಜಗತ್ತಿನಾದ್ಯಂತ ಅತಿ ಹೆಚ್ಚು ಹುಡುಕಲಾದ ಟಿವಿ ಕಾರ್ಯಕ್ರಮ ಅದೇ, ಮತ್ತು ಚೀನಾದೊಳಗೆ ಗೂಗಲ್ ನಿಷೇಧಿತವಾಗಿರುವುದರಿಂದ ಹಾಗೆ ಹುಡುಕಿದವರು ಬಹುತೇಕ ಹೊರದೇಶಗಳ ನೋಡುಗರೇ. ಸಾಫ್ಟ್ ಪವರ್ ಬೇಕೆಂದು ಹಂಬಲಿಸುವ ಯಾವ ಸರ್ಕಾರವೂ ಇಂಥದ್ದೊಂದು ಗೆಲುವನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಿತ್ತು. ನಡೆದದ್ದು ಬೇರೆಯೇ. 2019ರ ಜನವರಿಯಲ್ಲಿ ಬೀಜಿಂಗ್‌ನ ಪಕ್ಷದ ಪತ್ರಿಕೆಯೊಂದು, ಅರಮನೆಯ ಧಾರಾವಾಹಿಗಳು ರಾಜವೈಭವವನ್ನೂ ಐಷಾರಾಮವನ್ನೂ ಒಳಸಂಚನ್ನೂ ಆಕರ್ಷಕವಾಗಿ ತೋರಿಸಿ ಸಮಾಜವನ್ನು ಕೆಡಿಸುತ್ತಿವೆ ಎಂದು ಟೀಕಿಸಿತು. ಅದರ ಬೆನ್ನಿಗೇ ಟಿವಿ ವಾಹಿನಿಗಳು ಅವುಗಳ ಮರುಪ್ರಸಾರವನ್ನು ಕೈಬಿಟ್ಟವು.

ಇದು ಒಂದು ಬಾರಿಯ ಆಕಸ್ಮಿಕವಾಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. 2019ರಲ್ಲಿ ಥಾಯ್ಲೆಂಡಿನಿಂದ ಲ್ಯಾಟಿನ್ ಅಮೆರಿಕದವರೆಗೆ ಅಭಿಮಾನಿಗಳನ್ನು ಗಳಿಸಿದ 'ದಿ ಅನ್‌ಟೇಮ್ಡ್' ಧಾರಾವಾಹಿಯ ಮೂಲ ಕಾದಂಬರಿ ಇಬ್ಬರು ಪುರುಷರ ಪ್ರೇಮಕಥೆ. ತೆರೆಯ ಮೇಲೆ ಅದನ್ನು ಗಾಢ ಸ್ನೇಹವೆಂದಷ್ಟೇ ತೋರಿಸಬೇಕಾಯಿತು. 2021ರ ಸೆಪ್ಟೆಂಬರಿನಲ್ಲಿ ಸರ್ಕಾರ ಹೆಣ್ತನದ ಚಹರೆಯ ಗಂಡಸರನ್ನು ತೆರೆಯ ಮೇಲೆ ತೋರಿಸಬಾರದೆಂದೂ, ಗಾಯಕ ತಾರೆಯರನ್ನು ಆರಿಸುವ ಸ್ಪರ್ಧೆಗಳನ್ನು ನಿಲ್ಲಿಸಬೇಕೆಂದೂ ಆದೇಶಿಸಿತು. ಲಿಯು ಸಿಶಿನ್ ಅವರ 'ತ್ರೀ ಬಾಡಿ ಪ್ರಾಬ್ಲೆಮ್' ಕಾದಂಬರಿಯ ವಿಷಯವೂ ಅಷ್ಟೇ. ಮಾವೊ ಕಾಲದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಪ್ರಾಧ್ಯಾಪಕನೊಬ್ಬನನ್ನು ಮಗಳ ಕಣ್ಣೆದುರೇ ಬಡಿದು ಕೊಲ್ಲುವ ಪ್ರಸಂಗವೇ ಇಡೀ ಕಥೆಯ ಬೇರು. 2008ರ ಚೀನೀ ಪುಸ್ತಕದಲ್ಲಿ ಅದು ನಡುವಿನ ಪುಟಗಳಲ್ಲಿ ಅಡಗಿ ಕುಳಿತಿತ್ತು. ಕೆನ್ ಲಿಯು ಇಂಗ್ಲಿಷಿಗೆ ತಂದಾಗ ಲೇಖಕರ ಒಪ್ಪಿಗೆಯಿಂದ ಅದನ್ನು ಮೊದಲ ಅಧ್ಯಾಯವಾಗಿಸಿದರು. ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಕೊಡುವ ಹ್ಯೂಗೊ ಪ್ರಶಸ್ತಿ 2015ರಲ್ಲಿ ಬಂದದ್ದು ಆ ರೂಪಕ್ಕೆ. ಇಷ್ಟು ಹೊತ್ತಿಗೆ ದಕ್ಷಿಣ ಕೊರಿಯಾದ ಧಾರಾವಾಹಿ, ಹಾಡುಗಳ ಹೋಲಿಕೆ ಯಾರಾದರೂ ತಂದೇ ತರುತ್ತಾರೆ. ಅಲ್ಲಿಯೂ ಸರ್ಕಾರದ ಬೆಂಬಲ ಇತ್ತು, ನಿಜ. ಆದರೆ 1996ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಚಲನಚಿತ್ರಗಳ ಪೂರ್ವ ಸೆನ್ಸಾರನ್ನೇ ಅಸಾಂವಿಧಾನಿಕ ಎಂದು ತಳ್ಳಿಹಾಕಿತು ಎಂಬುದನ್ನು ಮರೆಯಬಾರದು.

ಹಾಗಾದರೆ ಇಷ್ಟೆಲ್ಲ ಕತ್ತರಿಯ ನಡುವೆಯೂ ಈ ಕಥೆಗಳು ನಮ್ಮನ್ನು ಹಿಡಿದು ನಿಲ್ಲಿಸುವುದೇಕೆ? ಅವುಗಳಲ್ಲಿ ಕೆಲವು ನಮಗೆ ಪೂರ್ತಿ ಹೊರಗಿನವಲ್ಲ ಎಂಬುದು ನನ್ನ ಮಟ್ಟಿಗೆ ಒಂದು ಕಾರಣ. ಇಮ್ಮಡಿ ಪುಲಕೇಶಿಯ ಪಾಠದಲ್ಲಿ ಬರುವ ಹ್ಯೂಯೆನ್ ತ್ಸಾಂಗ್ ಎಂಬ ಯಾತ್ರಿಕನನ್ನು ಶಾಲೆಯಲ್ಲಿ ಓದದ ಕನ್ನಡಿಗರು ಕಡಿಮೆ. ಹರ್ಷನಿಗೂ ಮಣಿಯದ ದೊರೆಯೆಂದು ಪುಲಕೇಶಿಯ ಬಗ್ಗೆ ಬರೆದಿಟ್ಟವನು ಅವನೇ. ಅವನು ತನ್ನ ನಾಡಿಗೆ ಮರಳಿದ ಮೇಲೆ ಆ ಯಾತ್ರೆ ಅಲ್ಲಿ ಜನಪದ ಕಥೆಯಾಗಿ ಬೆಳೆದು, ಭಿಕ್ಷುವಿಗೆ ಬೆಂಗಾವಲಾಗಿ ಸುನ್ ವುಕಾಂಗ್ ಎಂಬ ಮಹಾಬಲಶಾಲಿ ಕೋತಿಯೊಂದು ಸೇರಿಕೊಂಡು, 1592ರ ಹೊತ್ತಿಗೆ 'ಪಶ್ಚಿಮದ ಯಾತ್ರೆ' ಎಂಬ ದೊಡ್ಡ ಕಾದಂಬರಿಯಾಗಿ ಅಚ್ಚಾಯಿತು. ಈ ಕೋತಿಯ ಮೂಲ ನಮ್ಮ ಹನುಮಂತ ಎಂದು ಚೀನೀ ವಿದ್ವಾಂಸ ಹೂ ಷಿ ವಾದಿಸಿದರು, ಸಾಹಿತಿ ಲು ಷುನ್ ಒಪ್ಪಲಿಲ್ಲ. ಆ ಚರ್ಚೆ ಇಂದಿಗೂ ಮುಗಿದಿಲ್ಲ. 2024ರ ಆಗಸ್ಟ್ 20ರಂದು ಅದೇ ಕೋತಿಯ ಮೇಲೆ ಬಂದ 'ಬ್ಲ್ಯಾಕ್ ಮಿತ್: ವುಕಾಂಗ್' ಎಂಬ ವಿಡಿಯೊ ಗೇಮ್ ಮೂರು ದಿನಗಳಲ್ಲಿ 1 ಕೋಟಿ ಪ್ರತಿ ಮಾರಾಟವಾಯಿತು. ಆಟದಲ್ಲಿ ಕಾಣುವ ಹಳೆಯ ಗುಡಿಗಳು, ಬುದ್ಧನ ವಿಗ್ರಹಗಳು ಬಹುಪಾಲು ಷಾನ್ಷಿ ಪ್ರಾಂತ್ಯದ ನಿಜವಾದ ತಾಣಗಳ ಅಚ್ಚು. ಅವನ್ನು ನೋಡಲು ಪ್ರವಾಸಿಗರು ಮುಗಿಬಿದ್ದರು.

ನೆಝಾ ಎಂಬ ಬಾಲದೇವತೆಯ ಕಥೆ ಇನ್ನೂ ಹತ್ತಿರದ್ದು. ಆ ಹೆಸರು 'ನಳಕೂಬರ' ಎಂಬ ಸಂಸ್ಕೃತ ಪದವು ಬೌದ್ಧ ಗ್ರಂಥಗಳ ಚೀನೀ ಅನುವಾದಗಳಲ್ಲಿ ಸವೆದು ಉಳಿದ ರೂಪ ಎನ್ನುತ್ತಾರೆ ವಿದ್ವಾಂಸರು. ಒರಳಿಗೆ ಕಟ್ಟಿಸಿಕೊಂಡ ಬಾಲಕೃಷ್ಣ ಎರಡು ಮತ್ತಿ ಮರಗಳನ್ನು ಉರುಳಿಸಿ ಶಾಪ ಕಳೆದ ಕುಬೇರನ ಮಕ್ಕಳಾದ ನಳಕೂಬರ, ಮಣಿಗ್ರೀವರಲ್ಲಿ ಒಬ್ಬನೇ ಆ ನಳಕೂಬರ. ಚೀನಾದಲ್ಲಿ ಅವನು ಸಮುದ್ರದ ನಾಗರಾಜನ ಮಗನನ್ನು ಮರ್ದಿಸುವ ತುಂಟ ಹುಡುಗನಾಗಿ ಬೆಳೆದ. ಅಣ್ಣನ ಮಗಳ ಜೊತೆ ನೆಝಾನ ಕಥೆಯ ಅನಿಮೇಷನ್ ಚಿತ್ರ ನೋಡುತ್ತ ಇದನ್ನು ಹೇಳಿದಾಗ ಅವಳು, "ಹಾಗಾದರೆ ಮಣಿಗ್ರೀವ ಎಲ್ಲಿಗೆ ಹೋದ ಅತ್ತೆ?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ, ಆದರೆ ಆ ಪ್ರಶ್ನೆ ನನಗೆ ಬಹಳ ಸಂತೋಷ ಕೊಟ್ಟಿತು.

ಇದನ್ನೆಲ್ಲ ಹೇಳುವಾಗ ಎದುರು ಪಕ್ಷದ ಮಾತನ್ನು ಮುಚ್ಚಿಡುವುದು ಅಪ್ರಾಮಾಣಿಕವಾಗುತ್ತದೆ. ಗೆಲುವು ಕಂಡ ಕೂಡಲೇ ಸರ್ಕಾರ ಅದನ್ನು ತನ್ನದಾಗಿಸಿಕೊಳ್ಳುತ್ತದೆ; ವುಕಾಂಗ್ ಆಟವನ್ನು ಅಲ್ಲಿನ ಅಧಿಕೃತ ಮಾಧ್ಯಮಗಳು ದೇಶದ ಹೆಮ್ಮೆಯೆಂದು ಕೊಂಡಾಡಿದವು. ಆ ಆಟವನ್ನು ನೇರಪ್ರಸಾರ ಮಾಡಲು ಮುಂಗಡ ಪ್ರತಿ ಪಡೆದ ಕೆಲವು ವಿದೇಶೀಯರಿಗೆ ರಾಜಕೀಯ, ಸ್ತ್ರೀವಾದ, ಕೋವಿಡ್ ಮುಂತಾದ ವಿಷಯ ಎತ್ತಬಾರದೆಂಬ ಸೂಚನೆಯೂ ಹೋಗಿತ್ತು. ಇಂಥ ಭಯ ಅಂಟಿಕೊಂಡಿರುವ ಕಡೆ ಕಲಾವಿದ ಯಾವ ಕಥೆಯನ್ನು ಮನಸ್ಸಿನಲ್ಲೇ ಹೂತುಬಿಟ್ಟ ಎಂದು ನೋಡುಗರಿಗೆ ಎಂದೂ ತಿಳಿಯುವುದಿಲ್ಲ, ಮತ್ತು ಅದು ನನ್ನನ್ನು ನಿಜಕ್ಕೂ ಕಾಡುತ್ತದೆ. ಹಾಗೆಯೇ ಹಣದ ಲೆಕ್ಕವನ್ನು ಪ್ರಭಾವದ ಲೆಕ್ಕವೆಂದು ತಿಳಿಯಬಾರದು: 2025ರ ಜನವರಿಯಲ್ಲಿ ಬಿಡುಗಡೆಯಾದ 'ನೆಝಾ 2' 200 ಕೋಟಿ ಡಾಲರ್ ಮೀರಿ ಗಳಿಸಿ ಅನಿಮೇಷನ್ ಚಿತ್ರಗಳಲ್ಲೇ ಮೊದಲ ಸ್ಥಾನಕ್ಕೆ ಏರಿದ್ದು ನಿಜವಾದರೂ ಆ ಗಳಿಕೆಯ ಬಹುಪಾಲು ಬಂದದ್ದು ಚೀನಾದೊಳಗಿಂದಲೇ.

ಭಾರತದ ಮಟ್ಟಿಗೆ ಟಿಕ್‌ಟಾಕ್ ಮಾತು ಬಂದೇ ಬರುತ್ತದೆ. ಗಾಲ್ವಾನ್ ಘರ್ಷಣೆಯ ನಂತರ 2020ರ ಜೂನ್ 29ರಂದು ನಮ್ಮ ಸರ್ಕಾರ ಅದೂ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ದತ್ತಾಂಶದ ಸುರಕ್ಷತೆಯ ಕಾರಣಕ್ಕೆ ಅದನ್ನು ನಾನು ಒಪ್ಪುತ್ತೇನೆ. ಆದರೆ ಟಿಕ್‌ಟಾಕ್‌ನಲ್ಲಿ ನಮ್ಮ ಹಳ್ಳಿಗಳ ಹುಡುಗ ಹುಡುಗಿಯರು ಹಾಡಿದ್ದು ಕನ್ನಡ ಹಾಡು, ಒಪ್ಪಿಸಿದ್ದು ಕನ್ನಡ ಚಿತ್ರಗಳ ಡೈಲಾಗು. ಅದರಿಂದ ಚೀನಾದ ಬದುಕಿನ ಬಗ್ಗೆ ಯಾರೂ ಏನೂ ತಿಳಿಯಲಿಲ್ಲ. ಆ್ಯಪಿನ ಒಡೆತನ ಬೇರೆ, ಕಥೆಯ ಒಲವು ಬೇರೆ.

ಬಂಧುಗಳು ಈ ಪ್ರಶ್ನೆ ಎತ್ತಿದಾಗ ಕೊನೆಗೆ ನಾನು ಹೇಳುವುದು ನಮ್ಮದೇ ಚಿತ್ರವೊಂದರ ವಿಷಯ. 2017ರ ಮೇ ತಿಂಗಳಲ್ಲಿ 'ದಂಗಲ್' ಚೀನಾದಲ್ಲಿ ಬಿಡುಗಡೆಯಾಗಿ ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಗಳಿಸಿತು. ಹರಿಯಾಣದ ಹಳ್ಳಿಯ ಹಟಮಾರಿ ಅಪ್ಪನಲ್ಲಿ ಅಲ್ಲಿನ ಹೆಣ್ಣುಮಕ್ಕಳು ತಮ್ಮ ಅಪ್ಪಂದಿರನ್ನು ಕಂಡು ಅತ್ತರು. ಅವರು ಭಾರತದ ಬಲೆಗೆ ಬಿದ್ದರೆಂದು ನಾವು ಯಾರೂ ಹೇಳಲಿಲ್ಲ, ಹೆಮ್ಮೆಪಟ್ಟೆವು. ಜೂನ್ ತಿಂಗಳಲ್ಲಿ ಕಝಾಕ್‌ಸ್ತಾನದ ಅಸ್ತಾನಾದಲ್ಲಿ ನಮ್ಮ ಪ್ರಧಾನಿಯನ್ನು ಭೇಟಿಯಾದ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್, ಆ ಚಿತ್ರವನ್ನು ತಾವೂ ನೋಡಿ ಮೆಚ್ಚಿದ್ದಾಗಿ ಹೇಳಿದರು. ಅದಾಗಿ ಒಂದು ವಾರ ಕಳೆಯುವಷ್ಟರಲ್ಲಿ ಭೂತಾನ್ ಗಡಿಯ ಡೋಕ್ಲಾಮ್‌ನಲ್ಲಿ ಚೀನಾದ ರಸ್ತೆ ಕೆಲಸ ಶುರುವಾಯಿತು, ಎರಡೂ ಸೇನೆಗಳು 73 ದಿನ ಎದುರುಬದುರು ನಿಂತವು. ಚೀನಾದ ಚಿತ್ರಮಂದಿರಗಳಲ್ಲಿ 'ದಂಗಲ್' ಆಗಲೂ ಓಡುತ್ತಲೇ ಇತ್ತು.