ಹೀಥ್ರೋದಲ್ಲಿ ಇಳಿದು ಗ್ಯಾಟ್‌ವಿಕ್‌ನಲ್ಲಿ ಹತ್ತುವುದು

ಲಂಡನ್ ಹೆಸರು ಇಟ್ಟುಕೊಂಡ ಏರ್‌ಪೋರ್ಟ್‌ಗಳು ಮುಖ್ಯವಾಗಿ ಆರು ಇವೆ. ಹೀಥ್ರೋ, ಗ್ಯಾಟ್‌ವಿಕ್, ಸ್ಟಾನ್‌ಸ್ಟೆಡ್, ಲೂಟನ್, ಸಿಟಿ, ಸೌತೆಂಡ್. ಟಿಕೆಟ್ ಹುಡುಕುವ ಆ್ಯಪ್‌ಗೆ ಮಾತ್ರ ಇವೆಲ್ಲ ಒಂದೇ. ಊರಿಗೊಂದು ಕೋಡ್ ಇರುತ್ತದೆ. ಲಂಡನ್‌ಗೆ ಎಲ್‌ಒಎನ್, ನ್ಯೂಯಾರ್ಕ್‌ಗೆ ಎನ್‌ವೈಸಿ, ಟೋಕಿಯೊಗೆ ಟಿವೈಒ. ಆ ಊರಿನ ಏರ್‌ಪೋರ್ಟ್‌ಗಳನ್ನೆಲ್ಲ ಆ ಕೋಡ್ ಕೆಳಗೆ ಸೇರಿಸಿಕೊಂಡು ಆ್ಯಪ್ ಹುಡುಕುತ್ತದೆ, ಒಂದರಲ್ಲಿ ಇಳಿಸಿ ಇನ್ನೊಂದರಲ್ಲಿ ಹತ್ತಿಸುವ ಟಿಕೆಟ್ ಅಗ್ಗವಾಗಿದ್ದರೆ ಅದನ್ನೇ ಎಲ್ಲಕ್ಕಿಂತ ಮೇಲೆ ತಂದು ನಿಲ್ಲಿಸುತ್ತದೆ. ಏರ್‌ಪೋರ್ಟ್ ಬದಲಾಗುತ್ತದೆ ಅನ್ನೋದು ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ. ನಮ್ಮ ಕಡೆಯವರಿಗೆ ಕಾಣುವುದು ದರ ಮಾತ್ರ.

ಹಾಸನದಲ್ಲಿ ಕೂತವನಿಗೆ ಇದೆಲ್ಲ ಯಾಕೆ ಅಂತ ಕೇಳಬಹುದು. ಹಾಸನ, ಸಕಲೇಶಪುರ, ಬೇಲೂರು, ಆ ಕಡೆ ಮೂಡಿಗೆರೆ, ಎಲ್ಲಿ ನೋಡಿದರೂ ಮಗನೋ ಮಗಳೋ ಹೊರದೇಶದಲ್ಲಿರುವ ಮನೆ ಸಿಗುತ್ತದೆ. ಮಗಳ ಬಾಣಂತನಕ್ಕೆ ಅಪ್ಪ ಅಮ್ಮ ಹೊರಡುತ್ತಾರೆ. ಹೊರಡುವ ಮುಂಚೆ ವಾಟ್ಸ್ಆ್ಯಪ್‌ನಲ್ಲಿ ನನಗೊಂದು ಸ್ಕ್ರೀನ್‌ಶಾಟ್ ಬರುತ್ತದೆ, "ಈ ಟಿಕೆಟ್ ಹೆಂಗಿದೆ ನೋಡು" ಅಂತ. ಇತ್ತೀಚೆಗೆ ಬಂದಿದ್ದು ಸಕಲೇಶಪುರದ ಚಿಕ್ಕಪ್ಪನಿಂದ. ಬೆಂಗಳೂರಿನಿಂದ ಹೀಥ್ರೋ, ಅಲ್ಲಿಂದ ಗ್ಯಾಟ್‌ವಿಕ್‌ಗೆ ಹೋಗಿ ಆರ್ಲ್ಯಾಂಡೊ ವಿಮಾನ. ನಡುವೆ ನಾಲ್ಕು ಗಂಟೆಗಿಂತ ಸ್ವಲ್ಪ ಜಾಸ್ತಿ ಸಮಯ.

"ಚಿಕ್ಕಪ್ಪ, ಇದು ಬೇರೆ ಏರ್‌ಪೋರ್ಟ್, ನೋಡಿದ್ರಾ?"

"ಅದಕ್ಕೇನೋ? ಮೆಜೆಸ್ಟಿಕ್‌ನಲ್ಲಿ ಇಳಿದು ಸ್ಯಾಟಲೈಟ್‌ಗೆ ಹೋಗಿ ಬಸ್ ಹತ್ತಲ್ವಾ, ಹಂಗೇ."

ಮೆಜೆಸ್ಟಿಕ್‌ನಿಂದ ಆಚೆ ಬರುವಾಗ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ಆದರೆ ಎಲ್ಲ ಕಷ್ಟ ಇರುವುದೂ ಅಲ್ಲೇ. ಹೀಥ್ರೋಗೂ ಗ್ಯಾಟ್‌ವಿಕ್‌ಗೂ ರಸ್ತೆಯಲ್ಲಿ ಸುಮಾರು 65-70 ಕಿಲೋಮೀಟರ್. ನಮಗೆ ಅದೊಂದು ದೂರವೇ ಅಲ್ಲ. ಒಂದೇ ಏರ್‌ಪೋರ್ಟ್‌ನಲ್ಲಿ ವಿಮಾನ ಬದಲಿಸಿದರೆ ಸಾಮಾನ್ಯವಾಗಿ ನೀವು ಆ ದೇಶದ ಒಳಗೆ ಕಾಲಿಡುವುದಿಲ್ಲ, ಒಳಗೊಳಗೇ ನಡೆದು ಇನ್ನೊಂದು ಗೇಟ್‌ಗೆ ಹೋಗುತ್ತೀರಿ, ಬ್ಯಾಗ್ ಅದರ ಪಾಡಿಗೆ ಅದು ಮುಂದಿನ ವಿಮಾನ ಸೇರುತ್ತದೆ. ಏರ್‌ಪೋರ್ಟ್ ಬದಲಾದರೆ ಹಾಗಲ್ಲ. ಇಮಿಗ್ರೇಷನ್ ದಾಟಬೇಕು, ಬ್ಯಾಗ್ ಬಿಡಿಸಿಕೊಳ್ಳಬೇಕು, ಕಸ್ಟಮ್ಸ್ ದಾಟಬೇಕು. ಎರಡೇ ಗಂಟೆಗೆ ಆದರೂ ಸರಿ, ನೀವು ಬ್ರಿಟನ್‌ಗೆ ಹೋದ ಹಾಗೇ ಲೆಕ್ಕ.

ಮೊದಲು ವೀಸಾ. ಬ್ರಿಟನ್‌ನಲ್ಲಿ ಇಮಿಗ್ರೇಷನ್ ದಾಟಿ ಬೇರೆ ವಿಮಾನ ಹಿಡಿಯುವ ಭಾರತೀಯರಿಗೆ ಅದಕ್ಕೇ ಅಂತ ಟ್ರಾನ್ಸಿಟ್ ವೀಸಾ ಇದೆ. ಚಿಕ್ಕಪ್ಪ ಚಿಕ್ಕಮ್ಮ ಇಬ್ಬರ ಹತ್ತಿರವೂ ಅಮೆರಿಕದ ವೀಸಾ ಇತ್ತು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ವೀಸಾ ಇದ್ದು ಆ ದೇಶಕ್ಕೇ ಹೋಗುತ್ತಿರುವವರಿಗೆ ಟ್ರಾನ್ಸಿಟ್ ವೀಸಾ ಇಲ್ಲದೆಯೂ ದಾಟುವ ಅವಕಾಶವನ್ನು ಬ್ರಿಟನ್ ಕೊಡುತ್ತದೆ. ಆದರೆ ವಿಮಾನದಲ್ಲೇ ಬಂದು ವಿಮಾನದಲ್ಲೇ ಹೊರಡಬೇಕು. ಮುಂದಿನ ಟಿಕೆಟ್ ಖಚಿತವಾಗಿರಬೇಕು, ಬಂದ ಮರುದಿನ ರಾತ್ರಿ 11:59ರ ಒಳಗೆ ಹೊರಟಿರಬೇಕು. ಕೊನೆಗೆ ಬಿಡುವುದು ಬಿಡದಿರುವುದು ಕೌಂಟರ್‌ನಲ್ಲಿ ಕೂತ ಅಧಿಕಾರಿಗೆ ಬಿಟ್ಟದ್ದು. ಇದಕ್ಕೂ ಮುಂಚೆ ಬೆಂಗಳೂರಿನ ಚೆಕ್-ಇನ್ ಕೌಂಟರ್‌ನಲ್ಲೇ ತಡೆದು ಕೇಳುವವರು ಇರುತ್ತಾರೆ. ಹಾಗಾಗಿ ಎಲ್ಲವನ್ನೂ ಪ್ರಿಂಟ್ ತೆಗೆಸಿ, ಒಂದು ಪ್ಲಾಸ್ಟಿಕ್ ಫೈಲ್‌ಗೆ ಹಾಕಿಸಿ, ಮೇಲುಗಡೆ ಗ್ಯಾಟ್‌ವಿಕ್ ಟಿಕೆಟ್ ಇಡಿ ಅಂದೆ. ಮೊಬೈಲ್‌ನಲ್ಲಿದೆ ಅಂದರೆ ಆಗಲ್ಲ, ಸರಿಯಾಗಿ ಅದೇ ಹೊತ್ತಿಗೆ ಚಾರ್ಜ್ ಹೋಗಿರುತ್ತದೆ.

ಆಮೇಲೆ ತುಪ್ಪದ ಗಲಾಟೆ. ಬಾಣಂತನಕ್ಕೆ ಹೊರಟ ಮೇಲೆ ಕೇಳಬೇಕಾ? ಹಪ್ಪಳ, ಸಂಡಿಗೆ, ಕಾಫಿಪುಡಿ, ಬಾಣಂತಿ ಲೇಹ್ಯ, ಅದರ ಜೊತೆ ಮನೆಯಲ್ಲೇ ಕಾಯಿಸಿದ ತುಪ್ಪದ ಡಬ್ಬಿ. ಭಾರತದಿಂದ ಬರುವವರು ಹಾಲಿನ ಪದಾರ್ಥವನ್ನಾಗಲಿ ಮಾಂಸವನ್ನಾಗಲಿ ಬ್ರಿಟನ್ ಒಳಗೆ ತರುವ ಹಾಗಿಲ್ಲ. ಬ್ಯಾಗ್ ನೇರವಾಗಿ ಅಮೆರಿಕಕ್ಕೆ ಹೋಗುವುದಾದರೆ ಅಮೆರಿಕದ ನಿಯಮ ನೋಡಿಕೊಂಡರೆ ಸಾಕು. ನಡುವೆ ಬಿಡಿಸಿಕೊಂಡು ಹೊರಗೆ ತಂದರೆ ಎರಡೂ ದೇಶದ ನಿಯಮ ಅನ್ವಯಿಸುತ್ತದೆ.

"ನಾವು ಲಂಡನ್‌ನಲ್ಲಿ ಇರೋದೇ ಇಲ್ವಲ್ಲಪ್ಪ. ನನ್ನ ತುಪ್ಪ ಕಟ್ಕೊಂಡು ಅವರಿಗೇನು?" ಅಂದರು ಚಿಕ್ಕಮ್ಮ. ನ್ಯಾಯವಾದ ಪ್ರಶ್ನೆ. ಆದರೆ ಕಸ್ಟಮ್ಸ್‌ನವರಿಗೆ ನೀವು ಎಷ್ಟು ಹೊತ್ತು ಇರ್ತೀರಿ ಅನ್ನೋದು ಬೇಡ, ಬ್ಯಾಗ್ ಬಾಗಿಲು ದಾಟಿತಾ ಅನ್ನೋದಷ್ಟೇ ಬೇಕು. ಡಬ್ಬಿ ಸಕಲೇಶಪುರದಲ್ಲೇ ಉಳಿಯಿತು. ಚಿಕ್ಕಮ್ಮನಿಗೆ ನನ್ನ ಮೇಲೆ ಸಿಟ್ಟು ಬಂತು.

ಟಿಕೆಟ್ ವಿಷಯಕ್ಕೆ ಬಂದರೆ, ಮೊದಲು ನೋಡಬೇಕಾದ್ದು ಪಿಎನ್‌ಆರ್, ಅಂದರೆ ಬುಕಿಂಗ್ ನಂಬರ್. ಇಡೀ ಪ್ರಯಾಣ ಒಂದೇ ಬುಕಿಂಗ್‌ನಲ್ಲಿದೆಯಾ, ಇಲ್ಲ ಎರಡು ಬೇರೆ ಬೇರೆ ಟಿಕೆಟ್ ಅಂಟಿಸಿ ಕೊಟ್ಟಿದ್ದಾರಾ? ಒಂದೇ ಆಗಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೂ ನಿಮ್ಮನ್ನು ಗುರಿ ಮುಟ್ಟಿಸುವ ಹೊಣೆ ವಿಮಾನ ಕಂಪನಿಯದು. ಬೇರೆ ಬೇರೆ ಆಗಿದ್ದರೆ ಎರಡನೇ ಕಂಪನಿಗೆ ನೀವು ಯಾಕೆ ಬರಲಿಲ್ಲ ಅನ್ನೋದು ಸಂಬಂಧವೇ ಇಲ್ಲದ ಮಾತು. ಬರಲಿಲ್ಲ, ಅಷ್ಟೇ. ದುಡ್ಡು ಹೋಯಿತು. ಅದೇ ಟಿಕೆಟ್‌ನಲ್ಲಿ ವಾಪಸ್ ಬರುವ ಪ್ರಯಾಣವೂ ಇದ್ದರೆ ಸಾಮಾನ್ಯವಾಗಿ ಅದನ್ನೂ ರದ್ದು ಮಾಡಿಬಿಡುತ್ತಾರೆ. ಇದು ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಲಗೇಜ್ ಕಥೆಯೂ ಹೀಗೇ. ಮೊದಲ ಕಂಪನಿ 23 ಕೆಜಿಯ ಎರಡು ಬ್ಯಾಗ್ ಬಿಟ್ಟರೆ ಎರಡನೆಯದು ಒಂದೇ ಬಿಡಬಹುದು, ಮಿಕ್ಕಿದ್ದಕ್ಕೆ ಅಲ್ಲೇ ಕೌಂಟರ್‌ನಲ್ಲಿ ದುಡ್ಡು ಕಟ್ಟಬೇಕು. ಅಗ್ಗದ ಟಿಕೆಟ್‌ನ ಉಳಿತಾಯ ಅರ್ಧ ಅಲ್ಲಿಗೇ ಮುಗಿಯುತ್ತದೆ.

ಚಿಕ್ಕಪ್ಪನ ಟಿಕೆಟ್ ಒಂದೇ ಬುಕಿಂಗ್. ಅದೊಂದು ಪುಣ್ಯ. ಆದರೂ ನಾಲ್ಕು ಗಂಟೆ ಸಾಲದು ಅಂತ ಹಟ ಹಿಡಿದೆ. ಲೆಕ್ಕ ಹಾಕಿ ನೋಡಿ. ವಿಮಾನ ಇಳಿದು ಬಾಗಿಲು ತೆಗೆದು, ಹೀಥ್ರೋದ ಆ ಉದ್ದನೆಯ ಹಾದಿ ನಡೆದು, ಇಮಿಗ್ರೇಷನ್ ಸಾಲಲ್ಲಿ ನಿಂತು, ಬೆಲ್ಟ್ ಹತ್ತಿರ ಬ್ಯಾಗ್‌ಗೆ ಕಾದು ಹೊರಗೆ ಬರುವಷ್ಟರಲ್ಲಿ ಒಂದೂವರೆ ಗಂಟೆ ಹೋದರೂ ಹೋಯಿತು. ಕೋಚ್ ಬಸ್‌ನಲ್ಲಿ ಗ್ಯಾಟ್‌ವಿಕ್‌ಗೆ ಒಂದು ಗಂಟೆಯಿಂದ ಒಂದೂವರೆ. ಆ ಕಡೆ ಅಂತರರಾಷ್ಟ್ರೀಯ ವಿಮಾನದ ಕೌಂಟರ್ ಒಂದು ಗಂಟೆ ಮುಂಚೆಯೇ ಮುಚ್ಚಬಹುದು. ಉಳಿದದ್ದೇನು? ಬಸ್ ಸಿಗುವವರೆಗೆ ಕಾಯುವ ಸಮಯ ಅಷ್ಟೇ. ಅರವತ್ತು ದಾಟಿದ ಇಬ್ಬರು, ಹಾಸನ, ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ ಅಂತ ದಾಟಿ, ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ಬೆವರಿ, ಹೆಬ್ಬಾಳದ ಮೇಲೆ ದೇವನಹಳ್ಳಿ ಸೇರಿ, ಆಮೇಲೆ ಹತ್ತು ಗಂಟೆಗೂ ಜಾಸ್ತಿ ವಿಮಾನದಲ್ಲಿ ಕೂತು ಬಂದಿರುತ್ತಾರೆ. ಅವರನ್ನು ಅಲ್ಲಿ ಓಡಿಸುವುದಾ?

ಕಂಪನಿ ಮಾರಿದೆ ಅಂದಮೇಲೆ ಆಗುತ್ತದೆ ಅಂತಲೇ ಅಲ್ವಾ ಅನ್ನುತ್ತಾರೆ. ವಿಮಾನ ಬದಲಿಸಲು ಕನಿಷ್ಠ ಇಷ್ಟು ಸಮಯ ಬೇಕು ಅಂತ ಪ್ರತಿ ಏರ್‌ಪೋರ್ಟ್‌ಗೂ ಒಂದು ಲೆಕ್ಕ ಇದೆ, ಏರ್‌ಪೋರ್ಟ್ ಬದಲಿಸುವುದಕ್ಕೂ ಇದೆ. ಅದು ಕನಿಷ್ಠ. ಮೊದಲ ಸಲ ಹೊರದೇಶ ನೋಡುವ, ಇಂಗ್ಲಿಷ್ ಬೋರ್ಡ್ ಓದಲು ಸ್ವಲ್ಪ ಹೊತ್ತು ತೆಗೆದುಕೊಳ್ಳುವ ಮನುಷ್ಯರನ್ನು ನೆನೆಸಿಕೊಂಡು ಅದನ್ನು ಮಾಡಿದ ಹಾಗೆ ನನಗೆ ಕಾಣುವುದಿಲ್ಲ. ನನ್ನ ಲೆಕ್ಕದಲ್ಲಿ ಆರು ಗಂಟೆಗಿಂತ ಕಡಿಮೆ ಬೇಡವೇ ಬೇಡ. ಬೇರೆ ಬೇರೆ ಟಿಕೆಟ್ ಆಗಿದ್ದರೆ ಗ್ಯಾಟ್‌ವಿಕ್ ಹತ್ತಿರ ರಾತ್ರಿ ತಂಗಿ ಬೆಳಿಗ್ಗೆ ಹೊರಡುವುದು ಒಳ್ಳೆಯದು.

ವೀಲ್‌ಚೇರ್ ಬಗ್ಗೆ ಒಂದು ಮಾತು. ನಮ್ಮ ಕಡೆ ನಡೆಯಲು ಆಗುವವರೂ ದಾರಿ ತಪ್ಪದಿರಲಿ ಅಂತ ವೀಲ್‌ಚೇರ್ ಹಾಕಿಸುತ್ತಾರೆ. ಒಂದೇ ಏರ್‌ಪೋರ್ಟ್ ಆದರೆ ತಳ್ಳುವವರು ಮುಂದಿನ ಗೇಟ್‌ವರೆಗೂ ಬಿಡುತ್ತಾರೆ. ಏರ್‌ಪೋರ್ಟ್ ಬದಲಾದರೆ ಹೊರಬಾಗಿಲಿಗೆ ಅವರ ಕೆಲಸ ಮುಗಿಯಿತು. ಆಚೆ ಬಸ್, ಬ್ಯಾಗ್, ರಸ್ತೆ ಎಲ್ಲ ನಿಮ್ಮದೇ. ಇನ್ನೊಂದು ಏರ್‌ಪೋರ್ಟ್‌ನಲ್ಲಿ ಮತ್ತೆ ಕೇಳಿ ಹಾಕಿಸಿಕೊಳ್ಳಬೇಕು.

ಕಂಪನಿಯವರ ಹತ್ತಿರ ಮಾತಾಡಿ, ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟು, ಅದೇ ದಿನ ಸಂಜೆಯ ವಿಮಾನಕ್ಕೆ ಬದಲಿಸಿದೆವು. ಹೀಥ್ರೋದಿಂದ ರೈಲಿನಲ್ಲೂ ಹೋಗಬಹುದು. ಎಲಿಜಬೆತ್ ಲೈನ್ ಹತ್ತಿ ಫ್ಯಾರಿಂಗ್ಡನ್‌ನಲ್ಲಿ ಇಳಿದು ಥೇಮ್ಸ್‌ಲಿಂಕ್ ಹಿಡಿದರೆ ನೇರ ಗ್ಯಾಟ್‌ವಿಕ್. 2022ರಲ್ಲಿ ಆ ಲೈನ್ ಶುರುವಾದ ಮೇಲೆ ಹುಡುಗರಿಗೆ ಇದು ಸುಲಭ. ನಾಲ್ಕು ದೊಡ್ಡ ಬ್ಯಾಗ್ ಇಟ್ಟುಕೊಂಡು ನಡುವೆ ರೈಲು ಬದಲಿಸುವುದು ಬೇಡ, ಕೋಚ್ ಬಸ್‌ನಲ್ಲಿ ಹೋಗಿ ಅಂದೆ. ಬಸ್ಸಿನ ಹೊಟ್ಟೆಯೊಳಗೆ ಬ್ಯಾಗ್ ಹಾಕಿಕೊಳ್ಳುತ್ತಾರೆ, ಕೂತರೆ ಆಯಿತು. ಗ್ಯಾಟ್‌ವಿಕ್‌ನಲ್ಲಿ ನಾರ್ತ್, ಸೌತ್ ಅಂತ ಎರಡು ಟರ್ಮಿನಲ್ ಇವೆ, ಯಾವುದು ಅಂತ ಫೈಲ್ ಮೇಲೆ ಕನ್ನಡದಲ್ಲೇ ದಪ್ಪಗೆ ಬರೆದುಕೊಟ್ಟೆ. ಇಮಿಗ್ರೇಷನ್‌ನಲ್ಲಿ ಎಲ್ಲಿಗೆ, ಎಷ್ಟು ದಿನ, ಮುಂದಿನ ಟಿಕೆಟ್ ಎಲ್ಲಿ ಅಂತ ಕೇಳಿದರಂತೆ. ಫೈಲ್ ಚಾಚಿದರಂತೆ. ಬಿಟ್ಟರು. ಚಿಕ್ಕಮ್ಮ ಈಗ ಸಕಲೇಶಪುರದಲ್ಲಿ ಸಿಕ್ಕಿದವರಿಗೆಲ್ಲ ಲಂಡನ್ ನೋಡಿಕೊಂಡು ಬಂದೆ ಅನ್ನುತ್ತಾರೆ. ನೋಡಿದ್ದು ಎಂ25 ರಸ್ತೆ. ಲಂಡನ್ ಸುತ್ತ 188 ಕಿಲೋಮೀಟರ್ ಸುತ್ತುವ ರಿಂಗ್ ರೋಡ್ ಅದು. ಲಂಡನ್ ಇರುವುದು ಅದರ ಒಳಗಡೆ.

ಬೇರೆ ಊರುಗಳ ಕಥೆ ಬೇರೆ. ಅಮೆರಿಕದಲ್ಲಿ ವಿಮಾನ ಬದಲಿಸಲಿಕ್ಕೇ ಇಳಿದರೂ ಎಲ್ಲರೂ ಇಮಿಗ್ರೇಷನ್ ದಾಟಲೇಬೇಕು, ಅಲ್ಲಿ ಒಳಗೊಳಗೇ ಹೋಗುವ ವ್ಯವಸ್ಥೆಯೇ ಇಲ್ಲ. ಹಾಗಾಗಿ ನ್ಯೂಯಾರ್ಕ್‌ನಲ್ಲಿ ಏರ್‌ಪೋರ್ಟ್ ಬದಲಿಸಿದರೆ ಹೆಚ್ಚಿಗೆ ಬರುವ ಕಷ್ಟ ರಸ್ತೆಯದು ಮಾತ್ರ. ಆದರೆ ಅದೇ ಸಾಕು. ಅಲ್ಲಿನ ಲಾಗಾರ್ಡಿಯಾ ಏರ್‌ಪೋರ್ಟ್‌ಗೆ ರೈಲಿಲ್ಲ, ಬಸ್ಸೋ ಟ್ಯಾಕ್ಸಿಯೋ ಹಿಡಿಯಬೇಕು. ಜೆಎಫ್‌ಕೆಯಿಂದ ನ್ಯೂವಾರ್ಕ್‌ಗೆ ಅಂದರೆ ಇಡೀ ನಗರ ದಾಟಿ ಪಕ್ಕದ ರಾಜ್ಯಕ್ಕೇ ಹೋಗಬೇಕು, ನ್ಯೂವಾರ್ಕ್ ಇರುವುದು ನ್ಯೂಜೆರ್ಸಿಯಲ್ಲಿ. ಇಸ್ತಾಂಬುಲ್‌ನಲ್ಲಿ ಒಂದು ಏರ್‌ಪೋರ್ಟ್ ಯುರೋಪಿನ ಕಡೆ, ಇನ್ನೊಂದು ಏಷ್ಯಾದ ಕಡೆ. ಬ್ಯಾಂಕಾಕ್‌ನವರದ್ದು ನನಗೆ ಹಿಡಿಸಿತು. 1914ರಿಂದ ಇರುವ ಡಾನ್ ಮುಯಾಂಗ್, 2006ರಲ್ಲಿ ಬಂದ ಸುವರ್ಣಭೂಮಿ. ಎರಡರ ನಡುವೆ ಉಚಿತ ಬಸ್ ಇಟ್ಟಿದ್ದಾರೆ. ಮುಂದಿನ ವಿಮಾನದ ಟಿಕೆಟ್ ತೋರಿಸಿದರೆ ಹತ್ತಬಹುದು. ಚಿಕ್ಕಮಗಳೂರಿನ ಸ್ನೇಹಿತರು ಹೋಗಿ ಬಂದು, ಆ ಬಸ್ಸಿನದ್ದೇ ಒಂದು ದೊಡ್ಡ ಹೊಗಳಿಕೆ.

ಇದೆಲ್ಲ ಈಗ ನಮ್ಮ ದೇಶಕ್ಕೂ ಬಂದಿದೆ. 2023ರ ಜನವರಿಯಿಂದ ಗೋವಾದಲ್ಲಿ ದಾಬೋಲಿಂ ಜೊತೆ ಮೋಪಾ. 2025ರ ಡಿಸೆಂಬರ್‌ನಿಂದ ಮುಂಬೈ ಜೊತೆ ನವಿ ಮುಂಬೈ. ದೆಹಲಿಗೆ ಅಂತ ಬೆಂಗಳೂರಿನಿಂದ ಹತ್ತಿದರೆ ಗಾಜಿಯಾಬಾದ್‌ನ ಹಿಂಡನ್‌ನಲ್ಲಿ ಇಳಿಸುವ ವಿಮಾನಗಳೂ ಇವೆ. ಅಲ್ಲಿಂದ ಇಂದಿರಾ ಗಾಂಧಿ ಏರ್‌ಪೋರ್ಟ್‌ಗೆ ಹೋಗಿ ಹೊರದೇಶದ ವಿಮಾನ ಹಿಡಿಯುವುದು ಅಂದರೆ ದೆಹಲಿ ಟ್ರಾಫಿಕ್ ಅನ್ನು ನಂಬಿದ ಹಾಗೆ. ನಮ್ಮದೇ ದೇಶ, ವೀಸಾ ಬೇಡ, ತುಪ್ಪದ ಡಬ್ಬಿ ಬಿಡಬೇಕಿಲ್ಲ. ಆದರೂ ಟಿಕೆಟ್‌ನಲ್ಲಿ ಊರಿನ ಹೆಸರು ನೋಡಿದರೆ ಸಾಲದು, ಪಕ್ಕದಲ್ಲಿರುವ, ಆಯಾ ಏರ್‌ಪೋರ್ಟ್‌ನ ಮೂರಕ್ಷರದ ಕೋಡ್ ನೋಡಿ.

ಬೆಂಗಳೂರಿಗೂ ಎರಡನೆಯದು ಬರುತ್ತದಂತೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಶುರುವಾದಾಗ ಹಳೆಯ ಎಚ್‌ಎಎಲ್ ಏರ್‌ಪೋರ್ಟ್‌ನಿಂದ ಪ್ರಯಾಣಿಕರ ವಿಮಾನ ನಿಲ್ಲಿಸಿದರು. 150 ಕಿಲೋಮೀಟರ್ ಒಳಗೆ 25 ವರ್ಷ ಇನ್ನೊಂದು ಅಂತರರಾಷ್ಟ್ರೀಯ ಏರ್‌ಪೋರ್ಟ್ ಬೇಡ ಅಂತ ಮೊದಲೇ ಒಪ್ಪಂದ ಆಗಿತ್ತು. ಆ ಒಪ್ಪಂದದಲ್ಲಿ ಮೈಸೂರಿಗೂ ಹಾಸನಕ್ಕೂ ವಿನಾಯಿತಿ ಇತ್ತು. ವಿನಾಯಿತಿ ಇದ್ದು, ಹಾಸನದ ಏರ್‌ಪೋರ್ಟ್‌ಗೆ ಅಂತ ಜಾಗ ನೋಡಿದ ನಮ್ಮ ಬೂವನಹಳ್ಳಿಯಲ್ಲಿ ಏನಾಯಿತು ಅಂತ ಹಾಸನದವರಿಗೆ ಹೇಳಬೇಕಿಲ್ಲ. ಎರಡನೆಯದಕ್ಕೆ ನೋಡಿರುವ ಜಾಗಗಳಲ್ಲಿ ಕನಕಪುರ ರಸ್ತೆಯದ್ದು ಎರಡು, ನೆಲಮಂಗಲ-ಕುಣಿಗಲ್ ರಸ್ತೆಯದ್ದು ಒಂದು. ಕುಣಿಗಲ್ ರಸ್ತೆಗೆ ಬಂದರೆ ನಮಗೆ ಹಬ್ಬ, ಗೊರಗುಂಟೆಪಾಳ್ಯವೂ ಬೇಡ, ಹೆಬ್ಬಾಳವೂ ಬೇಡ. ಆದರೆ ದುಬೈಯಿಂದ ದೇವನಹಳ್ಳಿಗೆ ಬಂದಿಳಿದು ಕುಣಿಗಲ್ ರಸ್ತೆಯಲ್ಲಿ ಹುಬ್ಬಳ್ಳಿ ವಿಮಾನ ಹಿಡಿಯಬೇಕಾದವನ ಗತಿ ಏನು? ದೇವನಹಳ್ಳಿಗೆ ಮೆಟ್ರೊ ನಾನಿದನ್ನು ಬರೆಯುವ ಹೊತ್ತಿಗೂ ಬಂದಿಲ್ಲ. ಜಾಗ ಯಾವುದು ಅಂತ ಜಗಳ ಆಡುವವರು, ಎರಡರ ನಡುವೆ ಜನ ಹೇಗೆ ಓಡಾಡುತ್ತಾರೆ ಅನ್ನೋದನ್ನೂ ಅದೇ ಕಾಗದದಲ್ಲಿ ಬರೆದು ಕೊಡಲಿ. ರನ್‌ವೇ ಆದಮೇಲೆ ನೋಡೋಣ ಅಂದರೆ ಇನ್ನೊಂದು ಹದಿನೈದಿಪ್ಪತ್ತು ವರ್ಷ ಹೆಬ್ಬಾಳದಲ್ಲೇ ನಿಂತಿರಬೇಕಾಗುತ್ತದೆ.