ಪೋರ್ಟಿಂಗ್ ಆಮೇಲೆ, ಮೊದಲು ಗೈಡ್ ನೋಡಿ: ಪಾಂಟಿಯಾಕ್ 400 ಹೆಡ್ ಕೆಲಸದ ಅನುಭವ

ನಾನು ಅಮೆರಿಕದ ಮಿಶಿಗನ್‌ನಲ್ಲಿ ಒಂದು ಎಂಜಿನ್ ಮೆಷಿನ್ ಶಾಪ್‌ನಲ್ಲಿ ಸಿಲಿಂಡರ್ ಹೆಡ್ (ಎಂಜಿನ್ ಬ್ಲಾಕಿನ ಮೇಲೆ ಕೂತು ವಾಲ್ವ್‌ಗಳನ್ನು ಹಿಡಿದಿರುವ ಎರಕ) ಕೆಲಸ ಮಾಡುತ್ತೇನೆ. ನಮ್ಮ ಕಡೆ ಬೋರಿಂಗ್, ಹೆಡ್ ಫೇಸಿಂಗ್ ಅಂತ ಬೋರ್ಡ್ ಹಾಕಿರುತ್ತಾರಲ್ಲ, ಅಂಥದೇ ಅಂಗಡಿ, ಬರುವ ಎಂಜಿನ್‌ಗಳು ಮಾತ್ರ ಬೇರೆ. ಇಲ್ಲಿಗೆ ಜಾಸ್ತಿ ಬರುವುದು ಅರವತ್ತು, ಎಪ್ಪತ್ತರ ದಶಕದ ವಿ8ಗಳು, ಅಂದರೆ ಎಂಟು ಸಿಲಿಂಡರಿನ ಎಂಜಿನ್‌ಗಳು. ಈಗ ಬರೆಯುತ್ತಿರುವುದು 1967ರ ಪಾಂಟಿಯಾಕ್ ಜಿಟಿಒ ಕಾರಿನ 400 ಘನ ಇಂಚಿನ ಎಂಜಿನ್ ಹೆಡ್‌ಗಳ ಬಗ್ಗೆ. ಎರಕದಲ್ಲಿ 670 ಅಂತ ನಂಬರ್ ಇರುತ್ತದೆ, ಹಾಗಾಗಿ ಎಲ್ಲರ ಬಾಯಲ್ಲೂ ಅದು 670 ಹೆಡ್ಡೇ.

ಹೆಡ್ ತಂದಿಟ್ಟವರು ಮೊದಲು ಕೇಳುವುದು ಒಂದೇ: ಪೋರ್ಟಿಂಗ್ (ಗಾಳಿ, ಹೊಗೆ ಹಾಯುವ ದಾರಿಗಳನ್ನು ಉಜ್ಜಿ ಸರಾಗ ಮಾಡುವುದು) ಮಾಡಿದರೆ ಎಷ್ಟು ಹಾರ್ಸ್‌ಪವರ್ ಜಾಸ್ತಿ ಆಗುತ್ತೆ? ವಾಲ್ವಿನ ಕಡ್ಡಿ ಓಡಾಡುವ ತೂತು, ಅಂದರೆ ಗೈಡ್, ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ನಮ್ಮ ಶಾಪಿನ ಹಿರಿಯ ಮೆಷಿನಿಸ್ಟ್ ನನ್ನ ಕೈಗೆ ಗ್ರೈಂಡರ್ ಕೊಡುವ ಮೊದಲು ಗೇಜು ಮತ್ತು ಪೆನ್ಸಿಲ್ ಕೊಟ್ಟಿದ್ದರು. ಹೆಡ್‌ನಲ್ಲಿ ಒಂದು ಕಡೆ ಲೋಹ ತೆಗೆದರೆ ಅದರ ಲೆಕ್ಕ ಇನ್ನೊಂದು ಕಡೆ ಬಂದು ಕೂರುತ್ತದೆ, ಅದಕ್ಕೇ ಕತ್ತರಿಸುವ ಮೊದಲು ಎಲ್ಲ ಅಳೆದು ಬರೆದಿಡಬೇಕು ಅನ್ನುವುದು ಅವರ ಪಾಠ. ಪಾಂಟಿಯಾಕ್‌ನಲ್ಲಂತೂ ಈ ಪಾಠ ಬೇಗ ತಲೆಗೆ ಹತ್ತುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಿಚ್ಚುವುದು, ತೊಳೆಯುವುದು, ಅಯಸ್ಕಾಂತ ಇಟ್ಟು ಕಬ್ಬಿಣದ ಪುಡಿ ಉದುರಿಸಿ ಬಿರುಕು ಹುಡುಕುವುದು, ಇದೆಲ್ಲ ಎಲ್ಲ ಹೆಡ್‌ಗೂ ಇದ್ದದ್ದೇ. ವಾಲ್ವ್ ಬಂದು ಕೂತು ಮುಚ್ಚುವ ಅಂಚೇ ಸೀಟು; ಎರಡು ಸೀಟುಗಳ ನಡುವಿನ ಜಾಗ ಚೆನ್ನಾಗಿ ನೋಡಿ, ಸಾಕು. ಬಿರುಕು ಇದ್ದರೆ ಮುಂದಿನ ಖರ್ಚೆಲ್ಲ ದಂಡ.

ಈಗ ಗೈಡ್. ವಾಲ್ವನ್ನು ಸೀಟಿನಿಂದ ಸ್ವಲ್ಪ ಎತ್ತಿ, ಅದರ ತಲೆ ಹಿಡಿದು ಅಲ್ಲಾಡಿಸಿದರೆ ಸವೆದಿದೆಯೋ ಇಲ್ಲವೋ ಅಂತ ಕೈಗೇ ಗೊತ್ತಾಗುತ್ತದೆ. ಆದರೆ ಕೈ ಹೇಳುವುದು ಅರ್ಧ ಮಾತ್ರ. ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು. ನಡುವೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ರಾಕರ್ (ವಾಲ್ವನ್ನು ಒತ್ತುವ ತೂಗುತೋಳು) ಪ್ರತಿ ಸಲ ವಾಲ್ವನ್ನು ಕೆಳಕ್ಕೆ ಒತ್ತುವಾಗ ಸ್ವಲ್ಪ ಪಕ್ಕಕ್ಕೂ ತಳ್ಳುತ್ತದಲ್ಲ, ಅದರಿಂದ ಎರಡು ತುದಿಗಳು ಶಹನಾಯಿ ಬಾಯಿಯ ಹಾಗೆ ಅಗಲವಾಗಿರುತ್ತವೆ, ಅದೂ ಗುಂಡಗೆ ಇರುವುದಿಲ್ಲ. ಸೀಟ್ ಕತ್ತರಿಸುವ ಕಟರ್ ನಿಲ್ಲುವುದೇ ಗೈಡ್ ಒಳಗೆ ಇಳಿಸಿದ ಪೈಲಟ್ ಅನ್ನುವ ಕಡ್ಡಿಯ ಮೇಲೆ. ಗೈಡ್ ಸಡಿಲ ಇದ್ದರೆ ಪೈಲಟ್ ವಾಲುತ್ತದೆ, ಸೀಟು ಒಂದು ಪಕ್ಕಕ್ಕೆ ಜಾಸ್ತಿ ಬೀಳುತ್ತದೆ. ನೀವು ಎಷ್ಟು ಲಕ್ಷದ ಮೆಷಿನ್ ಇಟ್ಟಿದ್ದರೂ ಅಷ್ಟೇ. ಆಮೇಲೆ ಹೊಸ ಗೈಡ್ ಹಾಕಿದರೆ ಆ ಸೀಟನ್ನು ಮತ್ತೆ ಕತ್ತರಿಸಬೇಕು, ವಾಲ್ವ್ ಇನ್ನಷ್ಟು ಒಳಗೆ ಕೂರುತ್ತದೆ.

ಈ ಹೆಡ್‌ನಲ್ಲಿ ಗೈಡ್ ಬೇರೆ ಬಿಡಿಭಾಗ ಅಲ್ಲ, ಎರಕದಲ್ಲೇ ಸೇರಿದೆ. ಅದಕ್ಕೆ ರೀಮರ್ ಹಾಕಿ ಅಗಲ ಮಾಡಿ, ತೆಳ್ಳಗಿನ ಬ್ರಾಂಜ್ ಲೈನರ್ ಒತ್ತಿ, ಮತ್ತೆ ಅಳತೆಗೆ ತರುತ್ತೇವೆ. ಗಾಳಿ ಒಳಗೆ ಬಿಡುವ ಇನ್‌ಟೇಕ್ ವಾಲ್ವಿಗೆ ಒಂದೂವರೆಯಿಂದ ಎರಡು ಥೌ ಸಂದು, ಅಂದರೆ ಇಂಚಿನ ಸಾವಿರದಲ್ಲಿ ಅಷ್ಟು ಭಾಗ. ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಜಾಸ್ತಿ ಬಿಸಿಯಾಗುತ್ತದೆ, ಅದರ ಸ್ಟೆಮ್ (ಕಡ್ಡಿ) ಉಬ್ಬುತ್ತದೆ, ಅದಕ್ಕೆ ಇನ್ನರ್ಧ ಥೌ ಜಾಸ್ತಿ ಬಿಡುತ್ತೇನೆ. ನರ್ಲಿಂಗ್ ಅಂತ ಒಂದು ಅಗ್ಗದ ದಾರಿ ಇದೆ, ಒಳಗೋಡೆಯಲ್ಲಿ ಗೀರು ಎಬ್ಬಿಸಿ ಸಂದು ಕಮ್ಮಿ ಮಾಡುವುದು. ಕಾರು ಮಾರುವವರಿಗೆ ಅದು ಸಾಕು. ಓಡಿಸುವವರಿಗೆ ಬೇಡ.

ಪಾಂಟಿಯಾಕ್‌ನಲ್ಲಿ ಹೊಸಬರು ಎಡವುವ ಒಂದು ಜಾಗ ಇದೆ. ಹೆಚ್ಚಿನ ಎಂಜಿನ್‌ಗಳಲ್ಲಿ ಎರಡೂ ಸೀಟು 45 ಡಿಗ್ರಿ. ಇಲ್ಲಿ ಕಾರ್ಖಾನೆಯಿಂದಲೇ ಇನ್‌ಟೇಕ್ ಸೀಟು 30 ಡಿಗ್ರಿ, ಎಕ್ಸಾಸ್ಟ್ ಮಾತ್ರ 45. ಬೇರೆ ಯಾವುದೋ ಶಾಪಿನಲ್ಲಿ ಸೀಟಿಗೆ 45 ಹೊಡೆದು, ಹಳೆಯ 30 ಡಿಗ್ರಿ ವಾಲ್ವನ್ನೇ ಕೂರಿಸಿ ಕಳಿಸಿದ್ದ ಹೆಡ್ ನಮ್ಮಲ್ಲಿಗೆ ಬಂದಿತ್ತು. ನೀಲಿ ಬಣ್ಣ ಹಚ್ಚಿ ನೋಡಿದರೆ ವಾಲ್ವ್ ಮೇಲೆ ಸೀಟಿಗೆ ತಾಗಿದ ಪಟ್ಟಿಯೇ ಇಲ್ಲ, ಕೂದಲಿನಷ್ಟು ತೆಳ್ಳಗಿನ ಗೆರೆ. ಪಟ್ಟಿ ಇನ್‌ಟೇಕ್‌ನಲ್ಲಿ ಸುಮಾರು ಒಂದೂವರೆ ಮಿಲಿಮೀಟರ್, ಎಕ್ಸಾಸ್ಟ್‌ನಲ್ಲಿ ಎರಡರ ಹತ್ತಿರ ಇರಬೇಕು. ಎಕ್ಸಾಸ್ಟ್ ವಾಲ್ವಿನ ಬಿಸಿ ಹೆಚ್ಚಾಗಿ ಸೀಟಿನ ಮೂಲಕವೇ ಹೆಡ್‌ಗೆ ಇಳಿಯುವುದು, ಪಟ್ಟಿ ತೆಳುವಾದರೆ ವಾಲ್ವ್ ಸುಡುತ್ತದೆ.

ಗಟ್ಟಿ ಸೀಟ್ ರಿಂಗ್ ಹಾಕಬೇಕಾ ಅಂತ ಆಮೇಲೆ ಕೇಳುತ್ತಾರೆ. ಆ ಕಾಲದ ಪೆಟ್ರೋಲಿನಲ್ಲಿ ಸೀಸ ಇತ್ತು, ಅದರ ಪದರ ಸೀಟನ್ನು ಕಾಪಾಡುತ್ತಿತ್ತು. 1996ರ ಜನವರಿ 1ರಿಂದ ಅಮೆರಿಕದ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ ಪೂರ್ತಿ ನಿಂತಿತು. ನಮ್ಮ ದೇಶದಲ್ಲಿ ನಿಂತದ್ದು 2000ದಲ್ಲಿ. ಸೀಸ ಇಲ್ಲದೆ ಹೆದ್ದಾರಿಯಲ್ಲಿ ದಿನಗಟ್ಟಲೆ ಜೋರಾಗಿ ಓಡಿಸಿದರೆ, ಮೆತ್ತನೆಯ ಎರಕದ ಸೀಟು ಸವೆದು ವಾಲ್ವ್ ಮೇಲಕ್ಕೆ ಹೂತುಕೊಳ್ಳುತ್ತದೆ, ನಿಜ. ಆದರೆ ಈ ಕಾರುಗಳಲ್ಲಿ ಎಷ್ಟೋ ಬರೀ ಭಾನುವಾರದ ಕಾರುಗಳು. ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂದ ಹಳೆ ಕಾರುಗಳ ಮೆರವಣಿಗೆಗೆ ಹೋಗಿ ಬಂದು ಶೆಡ್ ಸೇರುತ್ತವೆ. ಅಂಥದಕ್ಕೆ ನಾನು ರಿಂಗ್ ಬೇಡ ಅನ್ನುತ್ತೇನೆ. ರಿಂಗ್ ಕೂರಿಸಲು ಆಳವಾಗಿ ಕೊರೆಯಬೇಕು, ಹಿಂದೆಯೇ ನೀರಿನ ದಾರಿ ಇದೆ. ಐವತ್ತು ವರ್ಷ ಒಳಗಿನಿಂದ ತುಕ್ಕು ತಿಂದ ಗೋಡೆ ಎಷ್ಟು ದಪ್ಪ ಉಳಿದಿದೆಯೋ ಯಾರಿಗೆ ಗೊತ್ತು? ಸೀಟು ಈಗಾಗಲೇ ಹೂತಿದ್ದರೆ ಮಾತ್ರ ರಿಂಗ್.

ಈಗ ಆ ಲೆಕ್ಕದ ವಿಷಯ. ಬ್ಲಾಕಿನೊಳಗಿನ ಲಿಫ್ಟರ್ ಪುಶ್‌ರಾಡ್ ಅನ್ನುವ ಕಡ್ಡಿಯನ್ನು ಮೇಲೆ ತಳ್ಳುತ್ತದೆ, ಆ ಕಡ್ಡಿ ರಾಕರನ್ನು. ಹಲವು ವಿ8ಗಳಲ್ಲಿ ರಾಕರ್ ನಟ್ ತಿರುಗಿಸಿ ಲಿಫ್ಟರ್ ಹೊಂದಿಸಬಹುದು. ಪಾಂಟಿಯಾಕ್‌ನಲ್ಲಿ ಕಂಪನಿ ಕೊಟ್ಟ ಹೈಡ್ರಾಲಿಕ್ ಲಿಫ್ಟರ್ ಸೆಟ್‌ಗೆ ಆ ಸೌಕರ್ಯ ಇಲ್ಲ. ರಾಕರ್ ಕೂರುವ ಸ್ಟಡ್‌ನಲ್ಲಿ ಒಂದು ಮೆಟ್ಟಿಲು ಇರುತ್ತದೆ, ನಟ್ಟನ್ನು 20 ಅಡಿ-ಪೌಂಡ್‌ಗೆ ಬಿಗಿದರೆ ಅದು ಅಲ್ಲಿಗೇ ನಿಲ್ಲುತ್ತದೆ, ಮುಗಿಯಿತು. ಸೀಟು ಕತ್ತರಿಸಿ ವಾಲ್ವ್ 30 ಥೌ ಒಳಗೆ ಹೋಯಿತು ಅಂದುಕೊಳ್ಳಿ. ಸ್ಟೆಮ್ ತುದಿ ಆ ಕಡೆ 30 ಥೌ ಮೇಲೆದ್ದಿತು. ರಾಕರ್ ಅನುಪಾತ 1.5, ಹಾಗಾಗಿ ಪುಶ್‌ರಾಡ್ ಕಡೆ 20 ಥೌ ಕೆಳಕ್ಕೆ ಒತ್ತಿತು. ಅದರ ಮೇಲೆ ಹೆಡ್ ಫೇಸಿಂಗ್ ಅಂತ ಕೆಳಮೈಯಿಂದ ಇನ್ನೂ 20 ತೆಗೆದರೆ ಹೆಡ್ಡೇ ಕೆಳಗೆ ಬಂತು, ಪುಶ್‌ರಾಡ್ ಒಟ್ಟು 40 ಥೌ ಲಿಫ್ಟರ್ ಒಳಗೆ ಇಳಿಯಿತು. ಅದೇ ಬ್ಲಾಕಿನಿಂದಲೂ ಯಾರಾದರೂ ಮೊದಲೇ ತೆಗೆದಿದ್ದರೆ ಲಿಫ್ಟರ್ ತಳ ಮುಟ್ಟಿ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಮಾಲೀಕರು ಕಾರ್ಬುರೇಟರ್ ಬೈಯುತ್ತಾ ಕೂರುತ್ತಾರೆ! ಅದಕ್ಕೆ ಸ್ಟೆಮ್ ಎತ್ತರ ಕತ್ತರಿಸುವ ಮೊದಲೂ ಆಮೇಲೂ ಅಳೆದು ಚೀಟಿ ಬರೆದು ಹೆಡ್ ಜೊತೆಗೆ ಕಟ್ಟುತ್ತೇನೆ, ಜೋಡಿಸುವವರು ಪುಶ್‌ರಾಡ್ ಉದ್ದ ನೋಡಿಕೊಳ್ಳಲಿ ಅಂತ. ಫೇಸಿಂಗ್ ಜಾಸ್ತಿ ಆದರೆ ಇನ್‌ಟೇಕ್ ಮ್ಯಾನಿಫೋಲ್ಡ್ ಬೋಲ್ಟ್ ತೂತುಗಳೂ ಸಾಲಿಗೆ ಬರುವುದಿಲ್ಲ, ಮುಂದೆ ಟೈಮಿಂಗ್ ಕವರ್ ಹತ್ತಿರ ನೀರು ಸೋರಲು ಶುರುವಾಗುತ್ತದೆ. ಹೆಡ್ ಬಾಗಿದೆ ಅಂತ ನೇರ ಅಳತೆಪಟ್ಟಿ ಇಟ್ಟು ನೋಡಿದ ಮೇಲೇ ಮೇಲ್ಮೈ ಮುಟ್ಟುವುದು ಒಳ್ಳೆಯದು.

ಫೇಸಿಂಗ್ ಬೇಡ ಅನ್ನಲು ಇನ್ನೊಂದು ಕಾರಣ ಕಂಪ್ರೆಶನ್, ಅಂದರೆ ಸಿಲಿಂಡರಿನ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು; ಫೇಸಿಂಗ್ ಮಾಡಿದರೆ ಚೇಂಬರ್ (ಪೆಟ್ರೋಲ್ ಉರಿಯುವ ಕುಳಿ) ಚಿಕ್ಕದಾಗಿ ಅದು ಏರುತ್ತದೆ. 670ರ ಚೇಂಬರ್ ಸುಮಾರು 72 ಸಿಸಿ, ಮುಚ್ಚಿದ ಆಕಾರ. 1968ರಿಂದ ಪಾಂಟಿಯಾಕ್ ತೆರೆದ ಚೇಂಬರ್‌ಗೆ ಹೋಯಿತು. ಅಳೆಯುವುದು ಹೀಗೆ: ಹಳೆ ಸ್ಪಾರ್ಕ್ ಪ್ಲಗ್ ಹಾಕಿ, ಚೇಂಬರ್ ಅಂಚಿಗೆ ಗ್ರೀಸ್ ಹಚ್ಚಿ, ತೂತಿರುವ ಅಕ್ರಿಲಿಕ್ ಹಾಳೆ ಮುಚ್ಚಿ, ಬ್ಯುರೆಟ್‌ನಿಂದ ಬಣ್ಣದ ದ್ರವ ಬಿಡುವುದು. ಹೆಡ್ ಸ್ವಲ್ಪ ಓರೆ ಇರಬೇಕು, ಇಲ್ಲದಿದ್ದರೆ ಗುಳ್ಳೆ ಒಂದು ಮೂಲೆಯಲ್ಲಿ ಸಿಕ್ಕಿಕೊಂಡು ಸುಳ್ಳು ಲೆಕ್ಕ ಕೊಡುತ್ತದೆ. ಒಂದು ಸಿಲಿಂಡರ್ 819 ಸಿಸಿ. ಗ್ಯಾಸ್ಕೆಟ್, ಪಿಸ್ಟನ್ ತಲೆಯ ಗುಂಡಿ, ಡೆಕ್ ಸಂದು (ಪಿಸ್ಟನ್ನಿಗೂ ಬ್ಲಾಕಿನ ಮೇಲ್ಮೈಗೂ ನಡುವಿನ ಜಾಗ) ಎಲ್ಲ ಸೇರಿ ಇನ್ನೊಂದು 20 ಅಂದುಕೊಂಡರೆ ಕಂಪ್ರೆಶನ್ 9.9 ಬರುತ್ತದೆ. ಕಂಪನಿ ಜಾಹೀರಾತಿನಲ್ಲಿ ಹಾಕಿದ್ದು 10.75. ಈಗಿನ 93 ಆಕ್ಟೇನ್ (ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಗುಣದ ಅಳತೆ) ಪೆಟ್ರೋಲಿಗೆ ಈ ಕಬ್ಬಿಣದ ಹೆಡ್‌ಗೆ ಒಂಬತ್ತೂವರೆ ಹತ್ತಿರ ಇದ್ದರೆ ನಾನು ನೆಮ್ಮದಿಯಾಗಿರುತ್ತೇನೆ. ಅಂದಹಾಗೆ ಇಲ್ಲಿನ 93ನ್ನು ಊರಿನ ಬಂಕಿನ ಸಂಖ್ಯೆಯ ಜೊತೆ ಹೋಲಿಸಬೇಡಿ. ಇಲ್ಲಿ ರಿಸರ್ಚ್ ಮತ್ತು ಮೋಟಾರ್ ಅನ್ನುವ ಎರಡು ಪರೀಕ್ಷೆಗಳ ಆಕ್ಟೇನ್‌ಗಳ ಸರಾಸರಿ ಬರೆಯುತ್ತಾರೆ, ನಮ್ಮಲ್ಲಿ ಬರೀ ರಿಸರ್ಚ್.

ಹಾಗಾದರೆ ಪೋರ್ಟಿಂಗ್? ರಸ್ತೆ ಕಾರಿಗೆ ನಾನು ಮಾಡುವುದು ಸ್ವಲ್ಪವೇ. ಸೀಟಿನ ಕೆಳಗೆ ಎರಕ ಮತ್ತು ಕಟರ್ ಗುರುತು ಸೇರುವ ಕಡೆ ಇರುವ ಏಣನ್ನು ನಯ ಮಾಡುತ್ತೇನೆ. ಆಮೇಲೆ ಚೇಂಬರ್ ಗೋಡೆ. ಮುಚ್ಚಿದ ಚೇಂಬರ್‌ನಲ್ಲಿ ಗೋಡೆ 2.11 ಇಂಚಿನ ಇನ್‌ಟೇಕ್ ವಾಲ್ವಿಗೆ ತೀರಾ ಒತ್ತಿಕೊಂಡಿರುತ್ತದೆ, ಗಾಳಿಗೆ ಆ ಕಡೆ ದಾರಿ ಇಲ್ಲ. ಗ್ಯಾಸ್ಕೆಟ್ ಇಟ್ಟು ಗೆರೆ ಎಳೆದು, ಗೆರೆ ದಾಟದೆ ಆ ಗೋಡೆಯನ್ನು ಹಿಂದಕ್ಕೆ ಸರಿಸಿದರೆ ಗಾಳಿಗೂ ಜಾಗ ಆಗುತ್ತದೆ, ಚೇಂಬರೂ ನಾಲ್ಕು ಸಿಸಿಯಷ್ಟು ದೊಡ್ಡದಾಗಿ ಒಂಬತ್ತೂವರೆಗೆ ಇಳಿಯುತ್ತದೆ. ಒಂದು ಚೇಂಬರ್ ಮುಗಿಸಿ ಅಳೆದು, ಉಳಿದ ಏಳನ್ನೂ ಅದಕ್ಕೇ ಸರಿದೂಗಿಸಬೇಕು.